ಮನಸ್ಸಿಲ್ಲದೆ ಮಾಡಿದ್ದೂ ಪ್ರೀತಿಯಾ?

ತೋಟದಮನೆ:
ಕಳೆದ ಭಾನುವಾರ ಚರ್ಚಿನ ಪ್ರವಚನದಲ್ಲಿ ನಮ್ಮ ಫಾದರ್ ಒಂದು ಮಾತು ಹೇಳಿದರು. ಕ್ರೈಸ್ತನಿಗೆ ಪ್ರೀತಿ ಅಂದರೆ ಭಾವನೆ ಅಲ್ಲ, ತೀರ್ಮಾನ ಅಂತ. ಅಂದಿನಿಂದ ತಲೆಯಲ್ಲಿ ಅದೇ ಸುತ್ತುತ್ತಿದೆ.

ನನಗೂ ಅಣ್ಣನಿಗೂ ನಾಲ್ಕು ವರ್ಷದಿಂದ ಮಾತಿಲ್ಲ. ಅಡಿಕೆ ತೋಟದ ಗಡಿ, ಅದೇ ಹಳೇ ಕಥೆ. ಈಗ ಅವನ ಕಿಡ್ನಿ ಕೈಕೊಟ್ಟಿದೆ. ವಾರಕ್ಕೆರಡು ಸಲ ಡಯಾಲಿಸಿಸ್. ಮಗ ದುಬೈಯಲ್ಲಿ. ಅತ್ತಿಗೆ ಫೋನಿನಲ್ಲಿ ಅತ್ತಾಗ ಇಲ್ಲ ಅನ್ನಲು ಆಗಲಿಲ್ಲ. ಮಂಗಳವಾರ, ಶುಕ್ರವಾರ ನಾನೇ ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆ. ಅವನು ಹಿಂದಿನ ಸೀಟಲ್ಲಿ. ನಾನು ರೇಡಿಯೊ ಹಾಕುತ್ತೇನೆ. ನಾಲ್ಕು ಗಂಟೆ ಹೊರಗೆ ಪ್ಲಾಸ್ಟಿಕ್ ಕುರ್ಚಿ. ವಾಪಸ್ ಬರುವಾಗ ಮತ್ತೆ ರೇಡಿಯೊ. ಒಳಗೆ ಪ್ರೀತಿ ಒಂದು ಚಮಚವೂ ಇಲ್ಲ, ಸಿಟ್ಟೇ ಇದೆ. ಇದು ಪ್ರೀತಿಯಾ, ನಾಟಕವಾ?

ಹಳೇಪುಟ:
ಪ್ರೀತಿಯೇ ಸರ್, ಅನುಮಾನ ಬೇಡ. ಗ್ರೀಕ್‌ನಲ್ಲಿ ಸ್ನೇಹಕ್ಕೆ ಫಿಲಿಯಾ, ಮೋಹಕ್ಕೆ ಎರೋಸ್ ಅಂತ ಬೇರೆ ಬೇರೆ ಪದಗಳಿವೆ. ಬೈಬಲಿನ ಹೊಸ ಒಡಂಬಡಿಕೆ ಜಾಸ್ತಿ ಬಳಸುವುದು ಅಗಾಪೆ. ಮನಸ್ಸು ಗಟ್ಟಿ ಮಾಡಿ ಆರಿಸಿಕೊಳ್ಳುವ ಪ್ರೀತಿ ಅದು. ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯದಲ್ಲಿ ಯೇಸು ‘ನಿಮ್ಮ ವೈರಿಗಳನ್ನು ಪ್ರೀತಿಸಿರಿ’ ಅಂದದ್ದು ಆಜ್ಞೆ. ‘ನಿನಗೆ ಹಸಿವಾಗಲಿ’ ಅಂತ ಯಾರಾದರೂ ಆಜ್ಞೆ ಮಾಡುತ್ತಾರಾ? ‘ಊಟ ಬಡಿಸು’ ಅಂತ ಮಾಡಬಹುದು. 13ನೇ ಶತಮಾನದಲ್ಲಿ ದೇವಶಾಸ್ತ್ರಜ್ಞ ತೋಮಸ್ ಅಕ್ವಿನಾಸ್ ಹೇಳಿದ್ದೂ ಇದನ್ನೇ: ಇನ್ನೊಬ್ಬರಿಗೆ ಒಳ್ಳೆಯದಾಗಲಿ ಅಂತ ಬಯಸುವುದೇ ಪ್ರೀತಿ. ನೀವು ಬಯಸುತ್ತಿದ್ದೀರಿ, ಪೆಟ್ರೋಲ್ ಕೂಡ ಹಾಕಿಸುತ್ತಿದ್ದೀರಿ.

ಚಾಮರಾಜಪೇಟೆ:
ಈ ಅಗಾಪೆ ಪಾಠ ನಾನೂ ಪಾದ್ರಿಯಾಗಲು ಓದುವ ಸೆಮಿನರಿಯಲ್ಲಿ ಕೇಳಿದ್ದೆ. ಆಮೇಲೆ ಪುಸ್ತಕ ತೆರೆದು ನೋಡಿ ಪೆಚ್ಚಾದೆ. ಹಳೆಯ ಒಡಂಬಡಿಕೆಯ ಹಳೇ ಗ್ರೀಕ್ ಅನುವಾದದಲ್ಲಿ 2 ಸಮುವೇಲ 13 ತೆಗೆಯಿರಿ. ಅಮ್ನೋನ ತಂಗಿ ತಾಮಾರಳನ್ನು ಮೋಹಿಸಿ ಅವಳ ಬಾಳು ಹಾಳು ಮಾಡಿದ ಕಥೆ. ಅವನ ‘ಪ್ರೀತಿ’ಗೂ ಅಲ್ಲಿರುವುದು ಇದೇ ಪದ. 2 ತಿಮೊಥೆಯ 4ರಲ್ಲಿ ಅಪೊಸ್ತಲ ಪೌಲನ ಜೊತೆಗಾರ ದೇಮನು ಲೋಕವನ್ನು ‘ಪ್ರೀತಿಸಿ’ ಅವನನ್ನು ಬಿಟ್ಟುಹೋದಾಗಲೂ ಇದೇ ಪದ. ಪದ ಒಂದನ್ನೇ ಹಿಡಿದು ಸಿದ್ಧಾಂತ ಕಟ್ಟಬೇಡಿ.

ಇನ್ನೊಂದು. 1 ಕೊರಿಂಥ 13ನ್ನು ಮದುವೆ ಪತ್ರಿಕೆಯಲ್ಲಿ ಎಲ್ಲರೂ ಅಚ್ಚು ಹಾಕಿಸುತ್ತಾರೆ, ಮೂರನೇ ವಚನ ಬಿಟ್ಟು. ಇರುವುದೆಲ್ಲ ಬಡವರಿಗೆ ಕೊಟ್ಟರೂ, ದೇಹವನ್ನೇ ಕೊಟ್ಟರೂ, ಪ್ರೀತಿ ಇಲ್ಲದಿದ್ದರೆ ಪ್ರಯೋಜನ ಇಲ್ಲ ಅಂತಾನೆ ಪೌಲ. ಅಂದರೆ ಕೆಲಸ ಮಾಡಿದ ಮಾತ್ರಕ್ಕೆ ಪ್ರೀತಿ ಆಗಲಿಲ್ಲ ಅಂತಲೇ ಅಲ್ವಾ? ಫಾದರ್ ಹೇಳಿದ್ದು ಅರ್ಧ ಸರಿ.

ಹಳೇಪುಟ:
ಅಮ್ನೋನನ ವಿಷಯ ಗೊತ್ತಿರಲಿಲ್ಲ, ಒಪ್ಪಿದೆ. ಆದರೆ ಭಾವನೆ ಬರುವವರೆಗೆ ಕಾಯುತ್ತಾ ಕೂತರೆ ಅಣ್ಣನ ಡಯಾಲಿಸಿಸ್ ಏನಾಗಬೇಕು?

ಮಲ್ಲಿಗೆಹಂದರ:
‘ಪ್ರೀತಿ ತೀರ್ಮಾನ’ ಅನ್ನುವುದು ಕೇಳಿದರೆ ನನಗೆ ಮೈ ಉರಿಯುತ್ತದೆ. ನನ್ನ ದೊಡ್ಡಮ್ಮನ ಮಗಳ ಗಂಡ ಕುಡಿದು ಹೊಡೆಯುತ್ತಿದ್ದ. ಊರಿನ ಹಿರಿಯರು ಬಂದು ಕೂತು, ಟೀ ಕುಡಿದು, ‘ಪ್ರೀತಿ ಎಲ್ಲವನ್ನೂ ಸಹಿಸಿಕೊಳ್ಳುತ್ತದಮ್ಮ, ನೀನು ಆರಿಸಿಕೊಂಡಿದ್ದೀಯ’ ಅಂದು ಹೋದರು. ತೀರ್ಮಾನ ಮಾಡಿದ್ದು ಅವಳಲ್ಲ, ಇವರು. ಏಟು ತಿಂದದ್ದು ಮಾತ್ರ ಅವಳು. ತೋಟದಮನೆ ಸರ್, ನಿಮ್ಮ ಮೇಲೆ ಸಿಟ್ಟಿಲ್ಲ. ಈ ಮಾತನ್ನು ಯಾರು ಯಾರಿಗೆ ಹೇಳುತ್ತಿದ್ದಾರೆ ಅಂತ ನೋಡಬೇಕು, ಅಷ್ಟೇ.

ಚಾಮರಾಜಪೇಟೆ:
ನೂರಕ್ಕೆ ನೂರು ಸರಿ ಮೇಡಂ. ಕಥೋಲಿಕ ಧರ್ಮಸಭೆಯ ಕಾನೂನೇ ಆ ಹಿರಿಯರ ಪರ ಇಲ್ಲ. 1057ನೇ ನಿಯಮದ ಪ್ರಕಾರ ಮದುವೆಯ ಒಪ್ಪಿಗೆ ಇಚ್ಛೆಯ ಕೆಲಸ. ಬೇರೆಯವರು ಒಪ್ಪಿದರೆ ನಡೆಯುವುದಿಲ್ಲ. ಗಂಡನಿಂದಲೋ ಹೆಂಡತಿಯಿಂದಲೋ ಮೈಗೆ, ಮನಸ್ಸಿಗೆ ದೊಡ್ಡ ಅಪಾಯ ಇದ್ದರೆ ಬೇರೆ ಹೋಗಿ ಇರಬಹುದು ಅಂತ 1153ನೇ ನಿಯಮ ಹೇಳುತ್ತದೆ. ಟೀ ಕುಡಿಯುವ ಮೊದಲು ಅವರು ಇದನ್ನು ಓದಬೇಕಿತ್ತು.

ಕ್ಷಮೆಗೂ ಇದೇ ಮಾತು. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಆಸ್ಟ್ರೇಲಿಯಾದ ಮಿಷನರಿ ಗ್ರಹಾಂ ಸ್ಟೇನ್ಸ್, ಅವರ ಇಬ್ಬರು ಪುಟ್ಟ ಗಂಡುಮಕ್ಕಳು ಜೀಪಿನಲ್ಲಿ ಮಲಗಿದ್ದಾಗ ಸುಟ್ಟು ಕೊಂದರಲ್ಲ, ಪತ್ನಿ ಗ್ಲಾಡಿಸ್ ಕ್ಷಮಿಸಿದ್ದೇನೆ ಅಂದರು. ಒಡಿಶಾದ ಬಾರಿಪದದಲ್ಲೇ ಉಳಿದು ಕುಷ್ಠರೋಗಿಗಳ ಆರೈಕೆ ಮುಂದುವರಿಸಿದರು. 2005ರಲ್ಲಿ ಪದ್ಮಶ್ರೀ ಬಂತು. ಆದರೆ ಕೇಸು ನಿಲ್ಲಲಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಮುಖ್ಯ ಆರೋಪಿಯ ಜೀವಾವಧಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಕ್ಷಮಿಸುವುದು ಆಕೆಯ ಪಾಲಿನದು, ಶಿಕ್ಷೆ ಕೋರ್ಟಿನದು.

ನೈಟ್‌ಡ್ಯೂಟಿ:
ನಾನು ನರ್ಸ್. ಸೆಮಿನರಿ ಗೊತ್ತಿಲ್ಲ, ಕೈ ಗೊತ್ತು. ಕೋರಿ ಟೆನ್ ಬೂಮ್ ಅಂತ ಒಬ್ಬ ಡಚ್ ಮಹಿಳೆ. ಹಾರ್ಲೆಮ್‌ನ ತಮ್ಮ ಮನೆಯಲ್ಲಿ ಯೆಹೂದ್ಯರನ್ನು ಬಚ್ಚಿಟ್ಟದ್ದಕ್ಕೆ 1944ರಲ್ಲಿ ನಾಜಿಗಳು ಹಿಡಿದುಕೊಂಡು ಹೋದರು. ಅಕ್ಕ ಬೆಟ್ಸಿ ನಾಜಿಗಳ ರಾವೆನ್ಸ್‌ಬ್ರುಕ್ ಸೆರೆ ಕ್ಯಾಂಪಿನಲ್ಲೇ ತೀರಿಕೊಂಡಳು. ಯುದ್ಧ ಮುಗಿದ ಮೇಲೆ, 1947ರಲ್ಲಿ, ಮ್ಯೂನಿಕ್‌ನ ಒಂದು ಚರ್ಚಿನಲ್ಲಿ ಕೋರಿ ಕ್ಷಮೆಯ ಬಗ್ಗೆ ಮಾತಾಡಿ ಮುಗಿಸುತ್ತಾರೆ. ಜನರ ಮಧ್ಯದಿಂದ ಒಬ್ಬ ಬಂದು ಕೈ ಚಾಚುತ್ತಾನೆ. ಆ ಕ್ಯಾಂಪಿನ ಕಾವಲುಗಾರ! ‘ನನ್ನನ್ನು ಕ್ಷಮಿಸುತ್ತೀರಾ?’ ಅಂತಾನೆ.

ಕೋರಿಯ ಕೈ ಮೇಲೇಳಲಿಲ್ಲ. ಅದನ್ನು ಅವರೇ ಹೇಳಿಕೊಂಡಿದ್ದಾರೆ. ಒಳಗೆ ತಣ್ಣಗೆ, ಏನೂ ಇಲ್ಲ. ಕೈ ಎತ್ತುವುದು ನನ್ನಿಂದಾಗುತ್ತದೆ, ಮನಸ್ಸು ನೀನು ಕೊಡು ಅಂತ ಪ್ರಾರ್ಥಿಸಿ, ಮರದ ಕೊರಡಿನಂಥ ಕೈಯನ್ನು ಚಾಚಿದರು. ಬಿಸಿ ಆಮೇಲೆ ಬಂತು.

ವಾರ್ಡಿನಲ್ಲಿ ನಾನೂ ನೋಡಿದ್ದೇನೆ. ಬೈಯುವ ಪೇಶಂಟ್‌ಗೆ ಬೆಡ್‌ಶೀಟ್ ಬದಲಿಸುವಾಗ ಮೊದಲು ಪ್ರೀತಿ ಬರುವುದಿಲ್ಲ, ಬೆಡ್‌ಶೀಟ್ ಬರುತ್ತದೆ. ಕೆಲವು ಸಲ ಆಮೇಲೂ ಬರುವುದಿಲ್ಲ, ನಿಜ ಹೇಳಬೇಕು.

ಚಾಮರಾಜಪೇಟೆ:
ಅಕ್ಕಾ, ‘ಮನಸ್ಸು ನೀನು ಕೊಡು’ ಅನ್ನುವಲ್ಲೇ ನನ್ನ ವಾದ ಇದೆ. ರೋಮಾಪುರ 5ರಲ್ಲಿ ದೇವರ ಪ್ರೀತಿ ಪವಿತ್ರಾತ್ಮನ ಮೂಲಕ ನಮ್ಮ ಹೃದಯದಲ್ಲಿ ಸುರಿಯಲ್ಪಟ್ಟಿದೆ ಅಂತ ಇದೆ. ಸುರಿಯುವವನು ಬೇರೆ, ನಮ್ಮದು ಪಾತ್ರೆ. ಲೂಕ 10ರಲ್ಲಿ ಯೇಸು ಹೇಳಿದ ಕಥೆಯ ಸಮಾರ್ಯದವನನ್ನೇ ನೋಡಿ, ದಾರಿಯಲ್ಲಿ ಬಿದ್ದಿದ್ದ ಅಪರಿಚಿತನಿಗೆ ನೆರವಾದವನು. ಗಾಯಗೊಂಡವನನ್ನು ಕಂಡು ‘ಕನಿಕರಪಟ್ಟ’ ಅಂತ ನಾವು ಓದುತ್ತೇವೆ. ಮೂಲದ ಕ್ರಿಯಾಪದ ಹುಟ್ಟಿದ್ದು ಕರುಳು ಅನ್ನುವ ಪದದಿಂದ. ನಮ್ಮ ‘ಕರುಳು ಚುರ್ ಅಂತು’ ಇದೆಯಲ್ಲ, ಅಚ್ಚುಕಟ್ಟಾಗಿ ಅದೇ. ಮೊದಲು ಕರುಳು, ಆಮೇಲೆ ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ, ಕೂರಿಸಿ ಕರೆದೊಯ್ಯಲು ಕತ್ತೆ.

ನೈಟ್‌ಡ್ಯೂಟಿ:
ಕಥೆ ಅಲ್ಲಿಗೆ ಮುಗಿಯುವುದಿಲ್ಲವಲ್ಲ ಬ್ರದರ್. ಮರುದಿನ ಅವನು ಛತ್ರದವನಿಗೆ ಎರಡು ಬೆಳ್ಳಿ ನಾಣ್ಯ ಕೊಟ್ಟು, ‘ಜಾಸ್ತಿ ಖರ್ಚಾದರೆ ವಾಪಸ್ ಬರುವಾಗ ಕೊಡುತ್ತೇನೆ’ ಅಂತಾನೆ. ಕರುಳು ಚುರ್ ಅನ್ನುವುದು ರಕ್ತ ನೋಡಿದ ಆ ಗಳಿಗೆಗೆ ಸಾಕು. ವಾಪಸ್ ಬರುತ್ತೇನೆ ಅನ್ನುವುದಕ್ಕೆ ಕರುಳು ಸಾಲದು. ನನಗೆ ಪ್ರೀತಿ ಕಾಣುವುದು ಆ ಎರಡನೇ ಭೇಟಿಯಲ್ಲಿ. ನಿಮ್ಮ ಅತ್ತಿಗೆ ಅತ್ತಾಗ ನೀವು ಹೋದದ್ದು ಮೊದಲ ಮಂಗಳವಾರ ಮಾತ್ರ, ತೋಟದಮನೆ ಸರ್. ಉಳಿದ ಮಂಗಳವಾರಗಳಿಗೆ ಯಾರೂ ಅಳಲಿಲ್ಲ.

ಸುಮ್ನೆಓದುಗ:
ನಾನು ಕ್ರೈಸ್ತ ಅಲ್ಲ, ಸುಮ್ನೆ ಓದುತ್ತಿದ್ದೆ. ಇದನ್ನೆಲ್ಲ ನಮ್ಮ ಮನೆಯಲ್ಲಿ ಕರ್ತವ್ಯ ಅಂತೇವೆ. ಅಪ್ಪ ಅಜ್ಜನನ್ನು ನೋಡಿಕೊಂಡರು, ಇಬ್ಬರಿಗೂ ಆಗಿಬರುತ್ತಿರಲಿಲ್ಲ. ಕರ್ತವ್ಯ ಅಂದರೆ ಸಾಲದಾ? ಅದಕ್ಕೆ ಪ್ರೀತಿ ಅನ್ನುವ ದೊಡ್ಡ ಹೆಸರು ಯಾಕೆ?

ಚಾಮರಾಜಪೇಟೆ:
ಒಳ್ಳೇ ಪ್ರಶ್ನೆ. ಕೊರಿಂಥ 13ರಲ್ಲಿ ಪ್ರೀತಿ ಅಪಕಾರವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದಿಲ್ಲ ಅಂತ ಬರುತ್ತದೆ. ಅಲ್ಲಿನ ಗ್ರೀಕ್ ಪದ ವ್ಯಾಪಾರಿಗಳು ಲೆಕ್ಕ ಬರೆಯುವುದಕ್ಕೂ ಬಳಸುತ್ತಿದ್ದದ್ದು. ಕರ್ತವ್ಯವನ್ನು ಖಾತೆ ಪುಸ್ತಕ ತೆರೆದಿಟ್ಟುಕೊಂಡೇ ಮಾಡಬಹುದು, ಇಷ್ಟು ಮಾಡಿದೆ, ಇಷ್ಟು ಬಾಕಿ ಅಂತ. ಪ್ರೀತಿಗೆ ಆ ಪುಸ್ತಕ ಮುಚ್ಚಬೇಕಾಗುತ್ತದೆ. ನಿಮ್ಮ ಅಪ್ಪ ಮುಚ್ಚಿದ್ದರೋ ಇಲ್ಲವೋ ನಾನು ಹೇಗೆ ಹೇಳಲಿ.

ಸುಮ್ನೆಓದುಗ:
ಅಜ್ಜ ಹೋದ ಮೇಲೂ ಅಪ್ಪ ಒಂದು ದಿನ ಆ ಖರ್ಚಿನ ಮಾತೆತ್ತಲಿಲ್ಲ. ಈಗ ಯೋಚನೆ ಬರುತ್ತಿದೆ.

ತೋಟದಮನೆ:
ಎಲ್ಲರಿಗೂ ಥ್ಯಾಂಕ್ಸ್. ಖಾತೆ ಪುಸ್ತಕದ ಮಾತು ಓದಿ ಬೆವರಿದೆ. ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಪೆಟ್ರೋಲ್ ಬಿಲ್ ಒಂದೂ ಬಿಡದೆ ಇಟ್ಟಿದ್ದೇನೆ, ರಬ್ಬರ್ ಬ್ಯಾಂಡ್ ಹಾಕಿ. ನಾಳೆ ಗಡಿ ಮಾತು ಬಂದರೆ ತೋರಿಸಲಿಕ್ಕೆ. ಹರಿದು ಹಾಕಿದೆ ಅಂತ ಸುಳ್ಳು ಹೇಳುವುದಿಲ್ಲ, ಅಲ್ಲೇ ಇವೆ. ನಿನ್ನೆ ಪಂಪಿನ ಹುಡುಗ ಬಿಲ್ ಕೊಡಲು ಬಂದಾಗ ಬೇಡ ಅಂದೆ.

ಮತ್ತೊಂದು. ಆಸ್ಪತ್ರೆ ಎದುರು ಎರಡು ಎಳನೀರು ಕೆತ್ತಿಸಿ ಒಂದನ್ನು ಅಣ್ಣನಿಗೆ ಚಾಚಿದೆ. ಮುಖ ತಿರುಗಿಸಿ ‘ಬೇಡ’ ಅಂದ. ನಾಲ್ಕು ವರ್ಷದಲ್ಲಿ ಅವನು ನನ್ನ ಜೊತೆ ಆಡಿದ ಮೊದಲ ಮಾತು ಅದು. ಎರಡನ್ನೂ ನಾನೇ ಕುಡಿದೆ. ಸಿಟ್ಟೂ ಬಂತು.

ನೈಟ್‌ಡ್ಯೂಟಿ:
ಅಯ್ಯೋ ಸರ್, ಬೇಡ ಅಂದದ್ದೇ ಒಳ್ಳೆಯದಾಯಿತು! ಡಯಾಲಿಸಿಸ್‌ನವರಿಗೆ ಎಳನೀರು ಕೊಡಬಾರದು. ಪೊಟ್ಯಾಶಿಯಂ ಜಾಸ್ತಿ, ಹೃದಯಕ್ಕೇ ಅಪಾಯ. ನೀರಿಗೂ ಅಳತೆ ಇರುತ್ತದೆ. ಏನು ಕೊಡಬಹುದು ಅಂತ ಅಲ್ಲಿನ ಡಯಟೀಷಿಯನ್ ಹತ್ತಿರ ಒಂದು ಪಟ್ಟಿ ಬರೆಸಿಕೊಳ್ಳಿ.

ತೋಟದಮನೆ:
ಹಾಗಾದರೆ ಸಿಟ್ಟಿಗೆ ಬೇಡ ಅಂದದ್ದಲ್ಲವಾ ಅವನು! ಶುಕ್ರವಾರ ಪಟ್ಟಿ ಬರೆಸಿಕೊಂಡು ಬರುತ್ತೇನೆ.