ಗೊಬ್ಬರ ಆಮೇಲೆ, ಮೊದಲು ನೀರಿಗೆ ಕೈ ಹಾಕಿ ನೋಡು

ಮಗಳೇ, ನಿನ್ನ ಮೆಸೇಜ್ ಈಗ ನೋಡಿದೆ. ಹಾಲ್‌ನಲ್ಲಿಟ್ಟ ಹೈಡ್ರೋಪೋನಿಕ್ಸ್ ಟಬ್ಬಿನಲ್ಲಿ, ಅದೇ ಮಣ್ಣಿಲ್ಲದೆ ಗೊಬ್ಬರದ ನೀರಲ್ಲೇ ಗಿಡ ಬೆಳೆಸುವುದರಲ್ಲಿ, ಲೆಟ್ಯೂಸ್, ಪಾಲಕ್ ಎಲ್ಲ ಹಳದಿಯಾಗುತ್ತಿದೆ, ಮಧ್ಯಾಹ್ನ ಬಾಡಿ ಮಲಗುತ್ತದೆ, ಗೊಬ್ಬರದ ನೀರು ಇನ್ನೊಂದೆರಡು ಮುಚ್ಚಳ ಹಾಕಲಾ ದೊಡ್ಡಮ್ಮ ಅಂತ ಕೇಳಿದ್ದೀಯ. ಬೇಡ ಕಣೇ. ಒಂದು ಹನಿಯೂ ಬೇಡ. ಮೊದಲು ಒಂದು ಗಿಡ ಎತ್ತಿ ಬೇರು ನೋಡು. ನೀರಿಗೆ ಕೈ ಹಾಕು. ಬೆಚ್ಚಗಿದ್ದರೆ ತೊಂದರೆ ಅಲ್ಲೇ ಇದೆ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಶಿಡ್ಲಘಟ್ಟದ ನಮ್ಮ ಮಹಡಿ ರೂಮು ನಿಮಗೆಲ್ಲ ಗೊತ್ತಲ್ವಾ, ಚಿಕ್ಕವಳ ಮದುವೆಗೆ ಬಂದಾಗ ನೀವೆಲ್ಲ ಚಾಪೆ ಹಾಸಿ ಮಲಗಿದ್ದು, ಪಶ್ಚಿಮಕ್ಕೆ ದೊಡ್ಡ ಕಿಟಕಿ ಇರುವುದು. ರೇಷ್ಮೆ ಹುಳ ಸಾಕುವುದು ಬಿಟ್ಟ ಮೇಲೆ ಅದು ಖಾಲಿ ಬಿದ್ದಿತ್ತು. ದೊಡ್ಡವನು ಮನೆಯಿಂದಲೇ ಆಫೀಸ್ ಕೆಲಸ ಮಾಡುತ್ತಿದ್ದಾಗ ಅಲ್ಲಿ ಹೀಗೇ ನೀರಲ್ಲಿ ಸೊಪ್ಪು ಬೆಳೆಯುವ ಪೈಪಿನ ಸೆಟ್ ಹಾಕಿಸಿದ. ಮಾರಿದವನೇ ಬಂದು ಜೋಡಿಸಿ ಹೋದ. ನೀರಿನ ಡ್ರಮ್ಮು ಬಿಳಿ ಪ್ಲಾಸ್ಟಿಕ್, ಒಳಗಿನ ನೀರು ಆಚೆಗೆ ಕಾಣುವಂಥದ್ದು. ಅದನ್ನು ಕಿಟಕಿ ಪಕ್ಕದಲ್ಲೇ ಇಟ್ಟ. ಚಳಿಗಾಲದಲ್ಲಿ ಸೊಪ್ಪು ಚೆನ್ನಾಗೇ ಬಂತು. ಏಪ್ರಿಲ್ ಬಂತು ನೋಡು, ಎಲೆ ಹಳದಿ. ಮಾರಿದವನಿಗೆ ಫೋನ್ ಮಾಡಿದರೆ ಅವನು, ಗಿಡಕ್ಕೆ ಹಸಿವು ಸಾರ್, ಗೊಬ್ಬರದ ಎ ಬಾಟಲಿ ಬಿ ಬಾಟಲಿ ಎರಡೂ ಜಾಸ್ತಿ ಮಾಡಿ ಅಂದ. ಇವನು ಮಾಡಿದ. ಮಾರನೇ ದಿನ ಇನ್ನೂ ಬಾಡಿತು.

ನಾನು ಸಂಡಿಗೆ ಒಣಗಿಸಲು ಮೇಲೆ ಹೋದವಳು ಡ್ರಮ್ಮಿನ ಮುಚ್ಚಳ ತೆಗೆದೆ. ಕೊಳೆತ ವಾಸನೆ ಮುಖಕ್ಕೇ ಹೊಡೆಯಿತು. ಒಳಗೋಡೆಗೆಲ್ಲ ಹಸಿರು ಪಾಚಿ, ಮುಟ್ಟಿದರೆ ಜಾರುತ್ತದೆ. ನೀರು ಕೂಸಿಗೆ ಎರೆಯುವಷ್ಟು ಬೆಚ್ಚಗಿತ್ತು. ಒಂದು ಗಿಡ ಎತ್ತಿ ನೋಡಿದೆ. ಬಿಳಿ ಇರಬೇಕಾದ ಬೇರು ಕಂದು ಬಣ್ಣಕ್ಕೆ ತಿರುಗಿತ್ತು. ಎರಡು ಬೆರಳಲ್ಲಿ ಹಿಡಿದು ಎಳೆದರೆ ಮೇಲಿನ ಸಿಪ್ಪೆ ಕಳಚಿ ಬಂತು, ಒಳಗೆ ಬರೀ ನೂಲಿನಂಥ ಎಳೆ ಉಳಿಯಿತು. ಇಡೀ ಸಾಲು ಹಾಗೇ. ಎಲ್ಲಾ ಕಿತ್ತು ತಿಪ್ಪೆಗೆ ಹಾಕಿದೆವು. ಆ ಹುಡುಗನ ಮುಖ ನೋಡಲಾಗಲಿಲ್ಲ ನನಗೆ.

ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಗಾಳಿ ಕಡಿಮೆಯಾಗುತ್ತದೆ ಮಗಳೇ. ಬೇರಿಗೆ ಉಸಿರು ಕಟ್ಟುತ್ತದೆ. ಹಾಗೆ ಸೋತ ಬೇರಿಗೆ ಪಿಥಿಯಂ ಅನ್ನೋ ಕೊಳೆರೋಗ ಬೇಗ ಹತ್ತಿಕೊಳ್ಳುತ್ತದೆ. ನೀರಲ್ಲೇ ನಿಂತಿದ್ದರೂ ಗಿಡಕ್ಕೆ ನೀರು ಎಳೆದುಕೊಳ್ಳಲು ಆಗುವುದಿಲ್ಲ, ಅದಕ್ಕೇ ಬಾಡುವುದು. ಅಂಥಾ ಹೊತ್ತಲ್ಲಿ ಗೊಬ್ಬರ ಸುರಿದರೆ ನೀರಿನ ಉಪ್ಪಂಶ ಏರಿ ಇನ್ನೂ ಕೆಡುತ್ತದೆ.

ಹುಳದ ಮನೆಯಲ್ಲಿ ನಾವು ಹೀಗೆ ಬಿಡುತ್ತಿದ್ದೆವಾ? ಚಾಕಿ ಹುಳಕ್ಕೆ, ಅಂದರೆ ಮರಿ ಹುಳಕ್ಕೆ, 27, 28 ಡಿಗ್ರಿ, ದೊಡ್ಡ ಹುಳಕ್ಕೆ 24, 25. ಥರ್ಮಾಮೀಟರ್ ಗೋಡೆಗೇ ನೇತಾಡುತ್ತಿತ್ತು. ಬಿಸಿಲು ಏರಿದರೆ ಕಿಟಕಿಗೆ ಒದ್ದೆ ಗೋಣಿಚೀಲ. ನಿಮ್ಮ ದೊಡ್ಡಪ್ಪ ರಾತ್ರಿ ಎದ್ದು ಹೋಗಿ ನೋಡಿ ಬರುತ್ತಿದ್ದರು. ಗಿಡವೂ ಜೀವವೇ. ಬೇರು ಇಳಿದಿರುವ ನೀರು 18ರಿಂದ 22 ಡಿಗ್ರಿ ಇದ್ದರೆ ಒಳ್ಳೇದು, 24 ದಾಟಲು ಬಿಡಬೇಡ. ಇನ್ನೊಂದು ಸಲ ಹೇಳುತ್ತೇನೆ, ಗೊಬ್ಬರ ಆಮೇಲೆ. ಮೊದಲು ನೀರಿಗೆ ಕೈ ಹಾಕಿ ನೋಡು.

ನೀರು ಅಂದಾಗ ಹೊಟ್ಟೆ ಉರಿಯುತ್ತದೆ. ಊರಿನ ಮನೆ ಹಿತ್ತಲಲ್ಲಿ ತೆರೆದ ಬಾವಿ ಇತ್ತಲ್ಲ, ಕಲ್ಲು ಕಟ್ಟಿದ್ದು. ಬೇಸಿಗೆಯಲ್ಲೂ ತಣ್ಣಗಿನ ನೀರು, ಬೇಳೆ ಒಂದೇ ಕುದಿಗೆ ಬೇಯುತ್ತಿತ್ತು. ಪಾಲು ಆದಾಗ ಮಣ್ಣು ಸುರಿದು ಮುಚ್ಚಿ ಕಾಂಪೌಂಡ್ ಎಬ್ಬಿಸಿದರು. ಮುಚ್ಚಬೇಡಿ, ಮಳೆ ನೀರಾದರೂ ಇಳಿಯುತ್ತದೆ ಅಂತ ನಾನು ಅಂದೆ. ಹೆಣ್ಣುಮಕ್ಕಳಿಗೆ ಯಾಕೆ ಬಾವಿ ವಿಷಯ ಅಂದರು. ಹಾಗಂದವರು ನಮ್ಮ ಮನೆಯವರ ಈ ವಾಟ್ಸಾಪ್ ಗ್ರೂಪಿನಲ್ಲೇ ಇದ್ದಾರೆ, ಕೇಳಿಸಿಕೊಳ್ಳಲಿ. ಈಗ ನೋಡಿ, ನಮ್ಮ ಚಿಕ್ಕಬಳ್ಳಾಪುರ, ಕೋಲಾರದ ಕಡೆ ಸಾವಿರ ಅಡಿ ದಾಟಿ ಕೊರೆದರೂ ನೀರು ಸಿಗುತ್ತದೆ ಅನ್ನೋ ಗ್ಯಾರಂಟಿ ಇಲ್ಲ. ಸಿಕ್ಕರೂ ಗಡಸು, ಎಷ್ಟೋ ಊರಲ್ಲಿ ಫ್ಲೋರೈಡ್. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ, ಹೆಬ್ಬಾಳ ನಾಗವಾರದಿಂದ ಪೈಪಲ್ಲಿ ತಂದು ನಮ್ಮ ಕೆರೆ ತುಂಬಿಸುವ ಕಾಲ ಬಂತು. ಇದ್ದ ಬಾವಿಯನ್ನು ಕೈಯಾರೆ ಮುಚ್ಚಿದವರಿಗೆ ಏನು ಹೇಳಲಿ. ಅಪ್ಪ ತೋಡಿಸಿದ ಬಾವಿ ಅದು.

ಇರಲಿ. ನಿನಗೆ ಹೇಳಬೇಕಾದ್ದೇ ಬಿಟ್ಟುಹೋಗುತ್ತಿತ್ತು. ಇವತ್ತೇ ಹಳೇ ನೀರೆಲ್ಲ ಚೆಲ್ಲಿ ಟಬ್ ಉಜ್ಜಿ ತೊಳಿ. ಕಂದಾದ ಬೇರು ಕತ್ತರಿಯಲ್ಲಿ ತೆಗೆ, ಪೂರ್ತಿ ಕೊಳೆತ ಗಿಡ ಎಸಿ. ಕಿಟಕಿಯಿಂದ ದೂರ, ಫ್ರಿಜ್ಜಿನ ಹಿಂಬದಿಯ ಬಿಸಿಯಿಂದಲೂ ದೂರ ಇಡು. ಟಬ್ಬಿಗೆ ಕಪ್ಪು ಕವರ್ ಸುತ್ತಿ ಅದರ ಮೇಲೆ ಬಿಳಿ ಕಾಗದ ಸುತ್ತು, ಬೆಳಕು ಒಳಗೆ ಹೋಗದಿದ್ದರೆ ಪಾಚಿ ಕಟ್ಟುವುದಿಲ್ಲ. ಮೀನಿನ ತೊಟ್ಟಿಗೆ ಹಾಕುವ ಗಾಳಿ ಪಂಪು ದಿನವಿಡೀ ಓಡಲಿ. ಕರೆಂಟ್ ಹೋಗುವ ಹೊತ್ತಿಗೆ ಚಾರ್ಜ್ ಮಾಡುವಂಥದ್ದು ಒಂದು ಇಟ್ಟುಕೋ. ಬಿಸಿಲು ಏರಿದಾಗ ಫ್ರೀಜರಿನಲ್ಲಿ ಗಟ್ಟಿಯಾದ ನೀರಿನ ಬಾಟಲಿಯನ್ನು ಮುಚ್ಚಳ ತೆಗೆಯದೆ ಟಬ್ಬಿನಲ್ಲಿ ತೇಲಿಬಿಡು.

ಬೆಳಕಿಗೆ ಎಲ್‌ಇಡಿ ದೀಪ ಸಾಕು. ಗಿಡದ ತುದಿಯಿಂದ ಒಂದಡಿಯೊಳಗೆ ಇರಲಿ, ದೂರ ಇದ್ದರೆ ಕಾಂಡ ಸೊರಗಿ ಉದ್ದಕ್ಕೆ ಹೋಗುತ್ತದೆ. ದಿನಕ್ಕೆ 14 ಗಂಟೆ, ಟೈಮರ್ ಹಾಕಿಬಿಡು. ಸಣ್ಣ ಫ್ಯಾನ್ ಮೆಲ್ಲಗೆ ಓಡಲಿ. ಬೇಸಿಗೆ ಮುಗಿಯುವವರೆಗೆ ಲೆಟ್ಯೂಸ್ ಆಸೆ ಬಿಡು, ಸೆಕೆಗೆ ಹೂಕಡ್ಡಿ ಎದ್ದು ಕಹಿಯಾಗುತ್ತದೆ. ಪುದೀನ, ದಂಟು ಹಾಕು.

ಬೇರು ಬಿಳಿಯಾಗೇ ಇದ್ದು, ಹೊಸ ಎಲೆ ಮಾತ್ರ ಹಳದಿಯಾಗಿ ನರ ಹಸಿರು ಉಳಿದಿದ್ದರೆ, ಅದು ಗಡಸು ನೀರಿನ ಕೆಲಸ. ಪಿಎಚ್, ಅಂದರೆ ನೀರಿನ ಹುಳಿ-ಕ್ಷಾರದ ಅಳತೆ, ಏರಿ ಗಿಡಕ್ಕೆ ಕಬ್ಬಿಣಾಂಶ ಸಿಗುತ್ತಿಲ್ಲ ಅಂತ ಅರ್ಥ. ಪಿಎಚ್ 5.5ರಿಂದ 6.5ರೊಳಗೆ ಇಡು. ನೀರಿನ ಉಪ್ಪಂಶ ಅಳೆಯುವ ಇಸಿ ಮೀಟರ್ ಸೊಪ್ಪಿಗೆ 1.2ರಿಂದ 1.8 ತೋರಿಸಬೇಕು. ಬೋರ್ ನೀರೇ ಗೊಬ್ಬರ ಹಾಕುವ ಮೊದಲೇ 1 ತೋರಿಸಿದರೆ ಅರ್ಧಕ್ಕರ್ಧ ಆರ್‌ಒ ನೀರು ಬೆರೆಸು, ಇಲ್ಲಾ ಮಳೆ ನೀರು. ಎ, ಬಿ ಬಾಟಲಿ ಎರಡನ್ನೂ ನೇರವಾಗಿ ಸೇರಿಸಬೇಡ, ಕ್ಯಾಲ್ಸಿಯಂ ಗಟ್ಟಿಯಾಗಿ ತಳಕ್ಕೆ ಕೂರುತ್ತದೆ. ಒಂದನ್ನು ನೀರಿಗೆ ಹಾಕಿ ಚೆನ್ನಾಗಿ ಕಲಕಿ ಆಮೇಲೆ ಇನ್ನೊಂದು.

ಹಾಂ, ನಿಮ್ಮ ಅತ್ತೆ ಆರ್‌ಒ ಮೆಷಿನ್ನಿನ ಪಕ್ಕದ ಪೈಪಿಂದ ಬರುವ ನೀರನ್ನು ಬಕೆಟ್ಟಲ್ಲಿ ಹಿಡಿದಿಡುತ್ತಾರಲ್ಲ, ಅದನ್ನು ಮಾತ್ರ ಗಿಡಕ್ಕೆ ಹಾಕಬೇಡ. ಉಪ್ಪೆಲ್ಲ ಅದರಲ್ಲೇ ಇರುತ್ತದೆ. ಅದು ನೆಲ ಒರೆಸಲು ಇರಲಿ.