ಪೆನ್ಸಿಲ್ವೇನಿಯಾದಲ್ಲಿ ಮೂರನೇ ಪಕ್ಷಕ್ಕೆ ವೋಟು ಹಾಕಿದರೆ ವೇಸ್ಟಾ? ಅನುಭವ ಇದ್ದವರು ಹೇಳಿ

ಪ್ರಶ್ನೆ, ಪಿಟ್ಸ್‌ಬರ್ಗ್‌ನಿಂದ

ಎಲ್ಲರಿಗೂ ನಮಸ್ಕಾರ. ಇತ್ತೀಚೆಗಷ್ಟೇ ಸಿಟಿಜನ್ ಆದೆ. 2028ರಲ್ಲಿ ಅಧ್ಯಕ್ಷರ ಚುನಾವಣೆಗೆ ನನ್ನದು ಮೊದಲ ವೋಟು. ಎರಡು ದೊಡ್ಡ ಪಕ್ಷಗಳೂ ಮನಸ್ಸಿಗೆ ಹಿಡಿಸುತ್ತಿಲ್ಲ. ಪರಿಸರವಾದಿ ಗ್ರೀನ್ ಪಾರ್ಟಿಯೋ, ಯಾರಾದರೂ ಒಳ್ಳೆಯ ಪಕ್ಷೇತರರೋ ನಿಂತರೆ ಅವರಿಗೇ ಹಾಕೋಣ ಅಂದುಕೊಂಡಿದ್ದೇನೆ. ನಮ್ಮ ಮನೆಯವರು ಮಾತ್ರ, "ಸುಮ್ನೆ ವೋಟು ಒಡೀತೀಯ, ಬೇಡದವನು ಗೆದ್ದುಬಿಡ್ತಾನೆ" ಅನ್ನುತ್ತಾರೆ. ನಿಮ್ಮಲ್ಲಿ ಯಾರಾದರೂ ಹೀಗೆ ಹಾಕಿದ್ದೀರಾ? ಹಾಕಬೇಕು ಅಂದುಕೊಂಡು ಬಿಟ್ಟವರಿದ್ದರೂ ಹೇಳಿ.

ಟ್ಯಾಂಪಾ, ಫ್ಲೋರಿಡಾ

ನಾನು ಹಾಕಿದವನಮ್ಮಾ. ಅದೂ 2000ನೇ ಇಸವಿಯಲ್ಲಿ, ಇದೇ ಫ್ಲೋರಿಡಾದಲ್ಲಿ, ಗ್ರೀನ್ ಪಾರ್ಟಿಯ ರಾಲ್ಫ್ ನೇಡರ್‌ಗೆ.

ಇಲ್ಲಿ ರಿಪಬ್ಲಿಕನ್ ಪಕ್ಷದ ಬುಷ್, ಡೆಮಾಕ್ರಟ್ ಗೋರ್ ವಿರುದ್ಧ ಗೆದ್ದದ್ದು 537 ವೋಟಿನಿಂದ. ನೇಡರ್‌ಗೆ ಬಿದ್ದದ್ದು 97,488. ಅಧ್ಯಕ್ಷರನ್ನು ತೀರ್ಮಾನಿಸುವುದು ರಾಜ್ಯಕ್ಕೆ ಇಷ್ಟು ಅಂತ ಇರುವ ಎಲೆಕ್ಟೋರಲ್ ವೋಟು; ಹೆಚ್ಚಿನ ರಾಜ್ಯಗಳಲ್ಲಿ ಮೊದಲು ಬಂದವರಿಗೇ ಅಷ್ಟೂ ಹೋಗುತ್ತದೆ. ಫ್ಲೋರಿಡಾದ 25 ಸೇರಿ ಬುಷ್‌ಗೆ 271 ಆಯಿತು. ಬೇಕಿದ್ದದ್ದು 270. ಆಮೇಲೆ ಏನು ಕೇಳುತ್ತೀರಿ! ಇರಾಕ್ ಯುದ್ಧ ಶುರುವಾದಾಗಲೂ ನನ್ನನ್ನೇ ಬೈದ ಗೆಳೆಯರಿದ್ದಾರೆ. ಊಟಕ್ಕೆ ಕರೆದು, ಬಡಿಸುತ್ತಾ ಬೈದರು.

ಆ ವರ್ಷ ಫ್ಲೋರಿಡಾದ ಬ್ಯಾಲಟ್‌ನಲ್ಲಿ 10 ಹೆಸರಿದ್ದವು. ಎಲ್ಲರಿಗಿಂತ ಕೊನೆಗೆ ಬಂದ ಸೋಷಲಿಸ್ಟ್ ವರ್ಕರ್ಸ್ ಪಾರ್ಟಿಯವರಿಗೂ 562 ವೋಟು. ಅದೂ 537ಕ್ಕಿಂತ ಜಾಸ್ತಿಯೇ, ಅಲ್ವಾ? ಹಾಗಾದರೆ ಗೋರ್ ಅವರನ್ನು ಸೋಲಿಸಿದ್ದು ಅವರಾ? ಪಾಮ್ ಬೀಚ್ ಕೌಂಟಿಯಲ್ಲಿ ಎರಡೂ ಪುಟದಲ್ಲಿ ಹೆಸರು ಹಾಕಿ, ನಡುವೆ ತೂತು ಮಾಡಿಸುವ ಬ್ಯಾಲಟ್ ಕೊಟ್ಟರು. ಗೋರ್‌ಗೆ ಹಾಕಲು ಹೋಗಿ ರಿಫಾರ್ಮ್ ಪಾರ್ಟಿಯ ಬ್ಯುಕ್ಯಾನನ್‌ಗೆ ತೂತು ಮಾಡಿದವರು ಸಾವಿರಾರು ಜನ. ಇನ್ನು ಗೋರ್ ತಮ್ಮ ಸ್ವಂತ ರಾಜ್ಯ ಟೆನೆಸಿಯಲ್ಲೇ ಸೋತರು. ಅಲ್ಲಿ ಗೆದ್ದಿದ್ದರೆ ಫ್ಲೋರಿಡಾವೇ ಬೇಕಿರಲಿಲ್ಲ.

ಹಾಗಂತ ಲೆಕ್ಕವನ್ನು ಮುಚ್ಚಿಡುವುದಿಲ್ಲ. ಎಕ್ಸಿಟ್ ಪೋಲ್ ಪ್ರಕಾರ ದೇಶದ ನೇಡರ್ ಮತದಾರರಲ್ಲಿ ಸುಮಾರು ಅರ್ಧ ಜನ ಗೋರ್‌ಗೆ ಹಾಕುತ್ತಿದ್ದರು, ಬುಷ್‌ಗೆ ಹಾಕುತ್ತಿದ್ದವರು ಅದರ ಅರ್ಧದಷ್ಟೂ ಇಲ್ಲ, ಉಳಿದವರು ಮತಗಟ್ಟೆಗೇ ಹೋಗುತ್ತಿರಲಿಲ್ಲ. 97 ಸಾವಿರದಲ್ಲಿ ನೂರಕ್ಕೆ ಒಬ್ಬರು ಹೆಚ್ಚಿಗೆ ಗೋರ್ ಕಡೆ ಬಂದಿದ್ದರೂ ಫಲಿತಾಂಶ ಬದಲಾಗುತ್ತಿತ್ತು. ನೇಡರ್ ನಿಲ್ಲದಿದ್ದರೆ ಗೋರ್ ಅಧ್ಯಕ್ಷರಾಗುತ್ತಿದ್ದರು ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ. ಆದರೂ ನನ್ನ ವೋಟು ನನ್ನದು. ಗೋರ್ ಜೇಬಿನಿಂದ ಕದ್ದು ನೇಡರ್‌ಗೆ ಕೊಟ್ಟದ್ದಲ್ಲ. ಇವತ್ತಿಗೂ ನನಗೆ ಬೇಜಾರಿಲ್ಲ. ನಿಮಗೂ ಈ ಗಟ್ಟಿತನ ಇದ್ದರೆ ಹಾಕಿ. ನಾಳೆ ಫಲಿತಾಂಶ ನೋಡಿ ನಿದ್ದೆಗೆಡುವವರಾದರೆ ಬೇಡ.

ನ್ಯಾಶುವಾ, ನ್ಯೂ ಹ್ಯಾಂಪ್‌ಶೈರ್

ಎಲ್ಲರೂ ಫ್ಲೋರಿಡಾ ಫ್ಲೋರಿಡಾ ಅನ್ನುತ್ತಾರೆ, ನಮ್ಮನ್ನು ಮರೆತೇಬಿಡುತ್ತಾರೆ. 2000ದಲ್ಲಿ ಬುಷ್ ಇಲ್ಲಿ 7,211 ವೋಟಿನಿಂದ ಗೆದ್ದರು, ನೇಡರ್‌ಗೆ 22,198 ಬಿದ್ದವು. ನಮ್ಮದು ನಾಲ್ಕೇ ಎಲೆಕ್ಟೋರಲ್ ವೋಟು. ಅಷ್ಟು ಗೋರ್‌ಗೆ ಹೋಗಿದ್ದರೂ ಫ್ಲೋರಿಡಾದ ಆ ಮರುಎಣಿಕೆ, ಅದರ ಸುಪ್ರೀಂ ಕೋರ್ಟು ಕೇಸು, ಯಾವುದೂ ಬೇಕಿರಲಿಲ್ಲ.

ಡಲ್ಲಾಸ್, ಟೆಕ್ಸಸ್

ಒಂದು ಸಣ್ಣ ತಕರಾರು. ಮೂರನೆಯವರು ಯಾವಾಗಲೂ ಒಂದೇ ಪಕ್ಷದ ವೋಟು ತಿನ್ನುತ್ತಾರೆ ಅಂತ ತಿಳಿಯಬೇಡಿ. 1992ರಲ್ಲಿ ಪಕ್ಷೇತರರಾಗಿ ನಿಂತ ನಮ್ಮೂರಿನ ರಾಸ್ ಪೆರೊ ಶೇ 18.9 ವೋಟು ತೆಗೆದುಕೊಂಡರು. ನಮ್ಮ ಮಾವನವರೂ ಅವರಿಗೇ ಹಾಕಿದ್ದರು. ಹಿರಿಯ ಬುಷ್ ಸೋತದ್ದು ಪೆರೊ ಅವರಿಂದಲೇ ಅಂತ ಇಲ್ಲಿನ ರಿಪಬ್ಲಿಕನ್ನರು ಇನ್ನೂ ಹೇಳುತ್ತಾರೆ. ಆದರೆ ಎಕ್ಸಿಟ್ ಪೋಲ್‌ನಲ್ಲಿ ಪೆರೊ ಮತದಾರರ ಎರಡನೇ ಆಯ್ಕೆ ಬುಷ್ ಮತ್ತು ಗೆದ್ದ ಡೆಮಾಕ್ರಟ್ ಕ್ಲಿಂಟನ್ ನಡುವೆ ಹೆಚ್ಚುಕಡಿಮೆ ಸಮಸಮ ಇತ್ತು.

ಅಷ್ಟು ವೋಟು ಬಂದರೂ ಎಲೆಕ್ಟೋರಲ್ ವೋಟು ಸೊನ್ನೆ. ದೇಶದ ತುಂಬಾ ಹರಡಿಕೊಂಡಿತ್ತು, ಎಲ್ಲೂ ಮೊದಲ ಸ್ಥಾನ ಬರಲಿಲ್ಲ. 1968ರಲ್ಲಿ ಮೂರನೇ ಪಕ್ಷದಿಂದ ನಿಂತ ಜಾರ್ಜ್ ವಾಲೆಸ್ ಶೇ 13.5ರಲ್ಲೇ 46 ಎಲೆಕ್ಟೋರಲ್ ವೋಟು ಗಿಟ್ಟಿಸಿದರು. ಅವರ ವೋಟು ದಕ್ಷಿಣದ ಐದು ರಾಜ್ಯಗಳಲ್ಲಿ ಒತ್ತಾಗಿ ಬಿತ್ತು, ಅದಕ್ಕೆ. ನಮ್ಮವರಿಗೆ ಇದು ಹೊಸದೇನಲ್ಲ. 2013ರಲ್ಲಿ ಯಡಿಯೂರಪ್ಪ ಕೆಜೆಪಿ ಕಟ್ಟಿ ಹತ್ತಿರ ಹತ್ತಿರ ಶೇ 10 ವೋಟು ಪಡೆದರೂ ಸಿಕ್ಕಿದ್ದು 6 ಸೀಟು. ಬಿಜೆಪಿ 40ಕ್ಕೆ ಇಳಿಯಿತು, ಕಾಂಗ್ರೆಸ್ ಗೆದ್ದಿತು. ಒಬ್ಬನೇ ಗೆಲ್ಲುವ ಪದ್ಧತಿ ಇದ್ದಲ್ಲೆಲ್ಲಾ ಹೀಗೇ.

ಇನ್ನೊಂದು ಮಾತು. "ಗೆಲ್ಲದಿದ್ದರೂ ಪಕ್ಷ ಬೆಳೆಯುತ್ತೆ" ಅಂತ ಯಾರಾದರೂ ನಿಮಗೆ ಹೇಳಬಹುದು. ಶೇ 5 ದಾಟಿದರೆ ಮುಂದಿನ ಚುನಾವಣೆಗೆ ಸರ್ಕಾರದ ದುಡ್ಡು ಸಿಗುತ್ತದೆ, ನಿಜ. ಪೆರೊ 1996ರಲ್ಲಿ ಶೇ 8.4 ಪಡೆದದ್ದರಿಂದ 2000ದಲ್ಲಿ ಅವರ ರಿಫಾರ್ಮ್ ಪಾರ್ಟಿಗೆ 1.26 ಕೋಟಿ ಡಾಲರ್ ಬಂತು. ಆ ದುಡ್ಡಿಗಾಗಿ ಪಕ್ಷದೊಳಗೇ ಹೊಡೆದಾಟ. ಕೊನೆಗೆ ಅದು ಸಿಕ್ಕ ಬ್ಯುಕ್ಯಾನನ್ ಶೇ ಅರ್ಧದಷ್ಟೂ ಪಡೆಯಲಿಲ್ಲ. ಪಕ್ಷದ ಕಥೆ ಅಲ್ಲಿಗೆ ಮುಗಿಯಿತು.

ಫ್ರೀಮಾಂಟ್, ಕ್ಯಾಲಿಫೋರ್ನಿಯಾ

ನಾನು ಪ್ರತಿ ಸಲ ಮೂರನೇ ಪಕ್ಷಕ್ಕೇ ಹಾಕುತ್ತೇನೆ, ಯಾರೂ ಬೈಯುವುದಿಲ್ಲ! ಇಲ್ಲಿ ಗೆಲುವಿನ ಅಂತರವೇ ಲಕ್ಷಗಟ್ಟಲೆ. ನಿಮ್ಮ ರಾಜ್ಯದಲ್ಲಿ ಆ ಆರಾಮ ಇಲ್ಲ.

2000ದಲ್ಲಿ ಕೆಲವರು ಇದಕ್ಕೊಂದು ಉಪಾಯ ಕಂಡುಹಿಡಿದಿದ್ದರು. ಬಿಗಿ ಸ್ಪರ್ಧೆ ಇರುವ ರಾಜ್ಯದವರು ಗೋರ್‌ಗೆ ಹಾಕುವುದು, ಬದಲಿಗೆ ನಮ್ಮಂಥ ರಾಜ್ಯದವರು ಅವರ ಪರವಾಗಿ ನೇಡರ್‌ಗೆ ಹಾಕುವುದು. ಇಂಥ ಜೋಡಿ ಕೂಡಿಸುವ ವೆಬ್‌ಸೈಟುಗಳನ್ನು ಕ್ಯಾಲಿಫೋರ್ನಿಯಾದ ಚುನಾವಣಾ ಅಧಿಕಾರಿಗಳು ಹೆದರಿಸಿ ಮುಚ್ಚಿಸಿದರು. 2007ರಲ್ಲಿ ಫೆಡರಲ್ ಮೇಲ್ಮನವಿ ಕೋರ್ಟು ಇದು ದುಡ್ಡಿನ ವ್ಯವಹಾರವಲ್ಲ, ವಾಕ್ ಸ್ವಾತಂತ್ರ್ಯ ಅಂತ ತೀರ್ಪು ಕೊಟ್ಟಿತು. ಕಾನೂನು ಸರಿ, ಆದರೆ ಆ ಕಡೆಯವರು ಮಾತು ಉಳಿಸಿಕೊಂಡರಾ ಅಂತ ನೋಡುವವರು ಯಾರು?

ಹಾಂ, ಮತದಾರರ ಪಟ್ಟಿಯಲ್ಲಿ ಪಕ್ಷೇತರ ಅಂತ ರಿಜಿಸ್ಟರ್ ಮಾಡಲು ಹೋಗಿ ಇಲ್ಲಿ ತುಂಬಾ ಜನ 'ಅಮೆರಿಕನ್ ಇಂಡಿಪೆಂಡೆಂಟ್ ಪಾರ್ಟಿ'ಗೆ ಸೇರಿಬಿಡುತ್ತಾರೆ. ಅದು ವಾಲೆಸ್‌ಗಾಗಿ ಹುಟ್ಟಿದ ಬಲಪಂಥೀಯ ಪಕ್ಷ. ಫಾರ್ಮು ನೋಡಿಕೊಂಡು ತುಂಬಿ.

ಕ್ವೀನ್ಸ್, ನ್ಯೂಯಾರ್ಕ್

ನಮ್ಮಲ್ಲಿ ಈ ತಲೆನೋವಿಗೆ ಬೇರೆ ದಾರಿ ಇದೆ. ಒಬ್ಬರೇ ಅಭ್ಯರ್ಥಿ ಎರಡು ಪಕ್ಷದ ಸಾಲಿನಲ್ಲಿ ಬರಬಹುದು. 2020ರಲ್ಲಿ ನಾನು ಬೈಡನ್‌ಗೇ ಹಾಕಿದೆ, ಆದರೆ ಡೆಮಾಕ್ರಟಿಕ್ ಸಾಲಿನಲ್ಲಲ್ಲ, ವರ್ಕಿಂಗ್ ಫ್ಯಾಮಿಲೀಸ್ ಪಾರ್ಟಿಯ ಸಾಲಿನಲ್ಲಿ. ವೋಟು ಎರಡೂ ಕೂಡಿ ಬೈಡನ್‌ಗೆ ಸೇರುತ್ತದೆ, ಸಣ್ಣ ಪಕ್ಷಕ್ಕೂ ಲೆಕ್ಕ ಸಿಗುತ್ತದೆ. ಆ ಬದಿಯಲ್ಲಿ ಕನ್ಸರ್ವೇಟಿವ್ ಪಾರ್ಟಿಯವರು ರಿಪಬ್ಲಿಕನ್ನರ ಜೊತೆ ಇದನ್ನೇ ಮಾಡುತ್ತಾರೆ.

ಅದೇ ವರ್ಷ ಬ್ಯಾಲಟ್‌ನಲ್ಲಿ ಕಾಯಂ ಜಾಗ ಉಳಿಸಿಕೊಳ್ಳಲು 1,30,000 ವೋಟು ಇಲ್ಲವೇ ಶೇ 2, ಯಾವುದು ಹೆಚ್ಚೋ ಅಷ್ಟು ಬೇಕು ಅಂತ ನಿಯಮ ಬಿಗಿ ಮಾಡಿದರು. ಗ್ರೀನ್, ಲಿಬರ್ಟೇರಿಯನ್ (ಸರ್ಕಾರದ ಹಿಡಿತ ಕಡಿಮೆ ಇರಲಿ ಅನ್ನುವ ಪಕ್ಷ) ಎರಡೂ ಜಾಗ ಕಳೆದುಕೊಂಡವು. ಪೆನ್ಸಿಲ್ವೇನಿಯಾದಲ್ಲಿ ಅಧ್ಯಕ್ಷರ ಚುನಾವಣೆಗೆ ಈ ಎರಡು ಸಾಲಿನ ಪದ್ಧತಿ ಇಲ್ಲ.

ಪೋರ್ಟ್‌ಲ್ಯಾಂಡ್ (ಮೇನ್, ಒರೆಗಾನ್ ಅಲ್ಲ!)

ನಾವು ಬ್ಯಾಲಟ್‌ನಲ್ಲಿ 1, 2, 3 ಅಂತ ಕ್ರಮ ಕೊಡುತ್ತೇವೆ. ಯಾರಿಗೂ ಅರ್ಧಕ್ಕಿಂತ ಹೆಚ್ಚು ಬರದಿದ್ದರೆ ಕೊನೆಯವರನ್ನು ತೆಗೆದು, ಅವರ ಮತದಾರರ ಮುಂದಿನ ಆಯ್ಕೆಗೆ ವೋಟು ಸೇರಿಸುತ್ತಾರೆ. 2010ರಲ್ಲಿ ಮೂರು ಜನರ ಜಗಳದಲ್ಲಿ ಶೇ 38ಕ್ಕೂ ಕಡಿಮೆ ಪಡೆದ ಪಾಲ್ ಲಪೇಜ್ ಗವರ್ನರ್ ಆದರು. ಅದರಿಂದ ಬೇಸತ್ತವರೇ ಈ ಪದ್ಧತಿಗಾಗಿ ಓಡಾಡಿದರು, 2016ರಲ್ಲಿ ಜನರೇ ವೋಟು ಹಾಕಿ ತಂದರು. ಅಧ್ಯಕ್ಷರ ಚುನಾವಣೆಗೆ 2020ರಲ್ಲಿ ಮೊದಲ ಸಲ ಬಳಕೆಯಾಯಿತು, ಎರಡನೇ ಸುತ್ತಿನ ಅಗತ್ಯ ಬೀಳಲಿಲ್ಲ. ಅಲಾಸ್ಕಾದಲ್ಲೂ ಇದೆ. ಬೇರೆ ರಾಜ್ಯಗಳಿಗೆ ಈ ಪದ್ಧತಿ ಬರುವುದು ಸದ್ಯಕ್ಕಂತೂ ಕಷ್ಟ. ನೆವಾಡಾ 2024ರಲ್ಲಿ ಬೇಡ ಅಂದಿತು.

ಟ್ರಾಯ್, ಮಿಷಿಗನ್

2016ರಲ್ಲಿ ಟ್ರಂಪ್ ಇಲ್ಲಿ 10,704 ವೋಟಿನಿಂದ ಗೆದ್ದರು, ಗ್ರೀನ್ ಪಾರ್ಟಿಯ ಜಿಲ್ ಸ್ಟೈನ್‌ಗೆ 51 ಸಾವಿರ ಬಂತು. ಎಲ್ಲರೂ ಸ್ಟೈನ್ ಮೇಲೆ ಹರಿಹಾಯ್ದರು. ಲಿಬರ್ಟೇರಿಯನ್ ಗ್ಯಾರಿ ಜಾನ್ಸನ್‌ಗೆ 1.72 ಲಕ್ಷ ಬಂದದ್ದನ್ನು ಯಾರೂ ಎತ್ತಲಿಲ್ಲ. ಅವರೂ ಇರದಿದ್ದರೆ ಟ್ರಂಪ್ ಇನ್ನೂ ಜಾಸ್ತಿ ಅಂತರದಲ್ಲಿ ಗೆಲ್ಲುತ್ತಿದ್ದರೋ ಏನೋ. 2024ರಲ್ಲಿ ಗಾಜಾ ಸಿಟ್ಟಿನಿಂದ ಡಿಯರ್‌ಬಾರ್ನ್‌ನಲ್ಲಿ ಸ್ಟೈನ್‌ಗೆ ಒಳ್ಳೆಯ ವೋಟು ಬಿತ್ತು. ಆದರೆ ರಾಜ್ಯದಲ್ಲಿ ಅಂತರ 80 ಸಾವಿರ, ಸ್ಟೈನ್ ವೋಟು ಅಷ್ಟೂ ಡೆಮಾಕ್ರಟ್ ಹ್ಯಾರಿಸ್‌ಗೆ ಹೋಗಿದ್ದರೂ ಸಾಲುತ್ತಿರಲಿಲ್ಲ. ತಮಾಷೆ ಅಂದರೆ, ಪಕ್ಷೇತರರಾಗಿ ನಿಂತಿದ್ದ ರಾಬರ್ಟ್ ಕೆನಡಿ ಜೂನಿಯರ್ ಕಣದಿಂದ ಹಿಂದೆ ಸರಿದು ಟ್ರಂಪ್‌ಗೆ ಬೆಂಬಲ ಕೊಟ್ಟಿದ್ದರು. ನಮ್ಮ ಬ್ಯಾಲಟ್‌ನಿಂದ ಹೆಸರು ತೆಗೆಸಲು ಕೋರ್ಟಿಗೆ ಹೋದರೂ ಆಗಲಿಲ್ಲ, ಹೆಸರು ಉಳಿಯಿತು. ವೋಟೂ ಬಿತ್ತು!

ಎಕ್ಸ್‌ಟನ್, ಪೆನ್ಸಿಲ್ವೇನಿಯಾ

ನಾನು ನಿಮ್ಮ ರಾಜ್ಯದವಳೇ. 2016ರಲ್ಲಿ ಇಲ್ಲಿ ಅಂತರ 44,292, ಸ್ಟೈನ್‌ಗೆ ಅದಕ್ಕಿಂತ ತುಸು ಹೆಚ್ಚು. 2020ರಲ್ಲಿ ಬೈಡನ್ 80,555ರಿಂದ ಗೆದ್ದರು, ಲಿಬರ್ಟೇರಿಯನ್ ಜೊ ಜೊರ್ಗೆನ್ಸನ್‌ಗೆ 79,380. ನಮ್ಮದು 19 ಎಲೆಕ್ಟೋರಲ್ ವೋಟು. ಇಲ್ಲಿ ಹಾಕುವ ಮೂರನೇ ಪಕ್ಷದ ವೋಟು ಫ್ರೀಮಾಂಟ್‌ನವರ ವೋಟಿನಂತೆ ನಿರಪಾಯ ಅಲ್ಲ.

ನನ್ನ ಪದ್ಧತಿ ಹೇಳುತ್ತೇನೆ. ನಿಮ್ಮ ಸಿಟ್ಟನ್ನು ಪ್ರೈಮರಿಯಲ್ಲಿ, ಅಂದರೆ ಪಕ್ಷವೊಂದು ತನ್ನ ಅಭ್ಯರ್ಥಿಯನ್ನು ಆರಿಸುವ ಚುನಾವಣೆಯಲ್ಲಿ, ತೋರಿಸಿ. ನಮ್ಮ ರಾಜ್ಯದಲ್ಲಿ ಗ್ರೀನ್ ಅಥವಾ ಪಕ್ಷೇತರ ಅಂತ ರಿಜಿಸ್ಟರ್ ಆದವರು ಡೆಮಾಕ್ರಟ್, ರಿಪಬ್ಲಿಕನ್ ಪ್ರೈಮರಿಯಲ್ಲಿ ವೋಟು ಹಾಕುವಂತಿಲ್ಲ. ಪಕ್ಷ ಬದಲಾಯಿಸಲು ಪ್ರೈಮರಿಗೆ 15 ದಿನ ಮೊದಲಿನವರೆಗೂ ಅವಕಾಶ ಇದೆ. ನಾನು ಒಂದು ಪಕ್ಷಕ್ಕೆ ರಿಜಿಸ್ಟರ್ ಆಗಿ ಅಲ್ಲಿ ನನಗೆ ಇಷ್ಟವಾದವರಿಗೆ ಹಾಕುತ್ತೇನೆ. ನವೆಂಬರ್‌ನಲ್ಲಿ ಯಾರಿಗೆ ಬೇಕಾದರೂ ಹಾಕಬಹುದು, ರಿಜಿಸ್ಟ್ರೇಶನ್ ಅಡ್ಡ ಬರುವುದಿಲ್ಲ.

ಪಿಟ್ಸ್‌ಬರ್ಗ್ (ಕೇಳಿದವರು)

ತುಂಬಾ ಥ್ಯಾಂಕ್ಸ್. ಪ್ರೈಮರಿ ವಿಷಯ ನನಗೆ ಗೊತ್ತೇ ಇರಲಿಲ್ಲ, ಪಕ್ಷೇತರ ಅಂತ ಟಿಕ್ ಮಾಡುವವಳಿದ್ದೆ. ಒಂದೇ ಕೇಳುತ್ತೇನೆ: ಅಧ್ಯಕ್ಷರ ಜಾಗ ಖಾಲಿ ಬಿಟ್ಟರೆ ಇಡೀ ಬ್ಯಾಲಟ್ ರದ್ದಾಗುತ್ತಾ?

ಎಕ್ಸ್‌ಟನ್, ಪೆನ್ಸಿಲ್ವೇನಿಯಾ

ಇಲ್ಲ ಇಲ್ಲ. ಒಂದು ಜಾಗ ಖಾಲಿ ಬಿಟ್ಟರೆ ಅದೊಂದು ಲೆಕ್ಕಕ್ಕೆ ಬರುವುದಿಲ್ಲ, ಉಳಿದದ್ದೆಲ್ಲಾ ಎಣಿಸುತ್ತಾರೆ. ಅಧ್ಯಕ್ಷರ ವಿಷಯದಲ್ಲಿ ಏನೇ ಮಾಡಿ, ಕೆಳಗಿನ ಸಾಲುಗಳನ್ನು ಬಿಡಬೇಡಿ. ರಾಜ್ಯದ ಹೌಸ್ (ನಮ್ಮ ವಿಧಾನಸಭೆಯಂಥದ್ದು) ಸೀಟುಗಳು ಇಲ್ಲಿ ಕೆಲವು ಸಲ ಬರೀ ನೂರಿನ್ನೂರು ವೋಟಿನಲ್ಲಿ ತೀರ್ಮಾನ ಆಗುತ್ತವೆ.