ತಮ್ಮನ ಮೇಲೆ ಕನ್ನಕಳವಿನ ಕೇಸು: ಅನುಭವವಿದ್ದವರು ತಿಳಿಸಿ

ನಿನ್ನೆ ಸಂಜೆ ನನ್ನ ತಮ್ಮನನ್ನು ಬಂಧಿಸಿದ್ದಾರೆ. ಒಬ್ಬರು ಸುಲಿಗೆ ಎನ್ನುತ್ತಾರೆ, ಇನ್ನೊಬ್ಬರು ಕನ್ನಕಳವು ಎನ್ನುತ್ತಾರೆ. ಅವನು ಒಪ್ಪಿಕೊಂಡಿದ್ದಾನೆ ಎಂದೂ ಹೇಳುತ್ತಿದ್ದಾರೆ. ವಕೀಲರನ್ನು ಇಡಲು ನಮ್ಮಲ್ಲಿ ಹಣವಿಲ್ಲ.

ಮೊದಲ ಉತ್ತರ:
ಕಳೆದ ವರ್ಷ ನನ್ನ ಅಣ್ಣನಿಗೂ ಹೀಗೇ ಆಗಿತ್ತು, ಆದ್ದರಿಂದ ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಬಾಯಿಮಾತು ಬಿಟ್ಟು ಎಫ್‌ಐಆರ್ ಪ್ರತಿ ಪಡೆದು ಅದರಲ್ಲಿರುವ ಕಲಂಗಳನ್ನು ಓದಿ. ಕದಿಯುವಾಗ ಹೊಡೆದು ಬಡಿದು ಅಥವಾ ಪ್ರಾಣಭಯ ಹುಟ್ಟಿಸಿ ಕಿತ್ತುಕೊಂಡರೆ ಸುಲಿಗೆ. ಭಾರತೀಯ ನ್ಯಾಯ ಸಂಹಿತೆಯ ಕಲಂ 309ರಡಿ ಅದಕ್ಕೆ 10 ವರ್ಷದವರೆಗೆ ಶಿಕ್ಷೆ. ಬೀಗ ಮುರಿದು ಒಳಹೊಕ್ಕರೆ ಕನ್ನಕಳವು. ಇದು ಹಗುರವೆಂದು ನಾವು ತಿಳಿದಿದ್ದೆವು, ಆದರೆ ರಾತ್ರಿ ಕದಿಯಲೆಂದೇ ಕನ್ನ ಹಾಕಿದರೆ ಕಲಂ 331(4)ರಡಿ 14 ವರ್ಷದವರೆಗೂ ಶಿಕ್ಷೆಯಾಗಬಹುದು.

ಒಪ್ಪಿಕೊಂಡಿದ್ದಾನೆ ಎಂಬ ಮಾತಿಗೆ ಎದೆಗುಂದಬೇಡಿ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ರುಜುವಾತುಪಡಿಸಲು ಬರುವುದಿಲ್ಲ. ಅವನ ಹೇಳಿಕೆಯಿಂದ ಮಾಲು ಪತ್ತೆಯಾದರೆ ಆ ಪತ್ತೆಗೆ ಸಂಬಂಧಿಸಿದಷ್ಟು ಭಾಗ ಮಾತ್ರ ನಿಲ್ಲುತ್ತದೆ. ಹೀಗಾಗಿ ಇಂಥ ಕೇಸುಗಳ ಜೀವವೆಲ್ಲ ಜಪ್ತಿ ಮಹಜರಿನಲ್ಲಿದೆ, ಅಂದರೆ ಮಾಲನ್ನು ವಶಕ್ಕೆ ಪಡೆದಾಗ ಪೊಲೀಸರು ಬರೆದ ದಾಖಲೆಯಲ್ಲಿ. ಅಣ್ಣನ ಕೇಸಿನಲ್ಲಿ ಕಳುವಿನ ಮಾಲೆಂದು ತೋರಿಸಿದ ಉಂಗುರ ಅತ್ತಿಗೆಯದೇ ಆಗಿತ್ತು. ಟ್ರಂಕಿನ ತಳದಲ್ಲಿ ಸೀರೆಗಳ ನಡುವೆ ಮಡಿಚಿಟ್ಟಿದ್ದ ಅಂಗಡಿಯ ಬಿಲ್ಲು ಸಿಕ್ಕಿತು, ಅದರ ಮೇಲಿನ ತಾರೀಖು ಕಳವಿಗಿಂತ ಎರಡು ವರ್ಷ ಹಿಂದಿನದು. ನಮ್ಮ ವಕೀಲರು ಜಾಮೀನು ಅರ್ಜಿಯ ಜೊತೆ ಅದನ್ನೇ ಲಗತ್ತಿಸಿದರು. ನಿಮ್ಮ ಮನೆಯಲ್ಲೂ ಇಂದೇ ಹುಡುಕಿ.

ಎರಡನೆಯ ಉತ್ತರ:
ಹಣದ ಚಿಂತೆ ಸದ್ಯಕ್ಕೆ ಬಿಡಿ. ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಉಚಿತ ವಕೀಲರು ಸಿಗುತ್ತಾರೆ. ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಕಚೇರಿಗೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲೇಬೇಕು. ಆ ಹೊತ್ತಿಗೆ ವಕೀಲರು ಪಕ್ಕದಲ್ಲಿರಲಿ. ಹೊಡೆದಿದ್ದರೆ ತಮ್ಮ ಅಲ್ಲಿಯೇ ಹೇಳಲಿ, ದಯವಿಟ್ಟು ಹೆದರಿ ಸುಮ್ಮನಿರಬೇಡಿ.

ಮೂರನೆಯ ಉತ್ತರ:
ಜಾಮೀನು ಮಂಜೂರಾದ ಮೇಲೂ ಶ್ಯೂರಿಟಿ (ಅವನ ಪರ ಹೊಣೆ ನಿಲ್ಲುವವರು) ಸಿಗದೆ ನಮ್ಮ ಹುಡುಗ ಒಂಬತ್ತು ದಿನ ಜೈಲಿನಲ್ಲೇ ಇದ್ದ. ಪಹಣಿ, ಆಧಾರ್ ಹಿಡಿದು ಬರಬಲ್ಲ ಇಬ್ಬರು ನೆಂಟರೊಂದಿಗೆ ಈಗಲೇ ಮಾತಾಡಿಡಿ. ದೋಷಾರೋಪಣ ಪಟ್ಟಿ (ತನಿಖೆ ಮುಗಿಸಿ ಪೊಲೀಸರು ಕೋರ್ಟಿಗೆ ಕೊಡುವ ಚಾರ್ಜ್‌ಶೀಟ್) 60 ಅಥವಾ ಕಲಮಿಗೆ ತಕ್ಕಂತೆ 90 ದಿನದೊಳಗೆ ಬರದಿದ್ದರೆ ಜಾಮೀನು ಹಕ್ಕಾಗಿಯೇ ಸಿಗುತ್ತದೆ. ಆದರೆ ಪಟ್ಟಿ ಸಲ್ಲಿಕೆಯಾಗುವ ಮುಂಚೆಯೇ ಅರ್ಜಿ ಹಾಕಬೇಕು, ದಿನಗಳನ್ನು ನೀವೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.